ಒಂದೇ ಡಿಸ್ಕ್, ಎರಡು ಸಿಸ್ಟಮ್: ಪಾಲು ಮಾಡುವ ಮುನ್ನ ಪಹಣಿ ನೋಡಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಕೇಳುತ್ತದೆ, ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರಿನ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದು ಬೇಕೆನ್ನುತ್ತದೆ. ಹಾಗಾಗಿ ಕೀಬೋರ್ಡು, ಪರದೆ, ಪ್ರೊಸೆಸರ್ ಎಲ್ಲ ಗಟ್ಟಿಮುಟ್ಟಾಗಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಮುಂದೇನು ಎಂಬ ಪ್ರಶ್ನೆ ಹೊತ್ತು ಕೂತಿವೆ. ಅವುಗಳಿಗೆ ಉಬುಂಟು, ಲಿನಕ್ಸ್ ಮಿಂಟ್‌ನಂಥವು ಚೆನ್ನಾಗಿಯೇ ಹೊಂದುತ್ತವೆ. ಆದರೆ ವಿಂಡೋಸನ್ನು ಪೂರ್ತಿ ತೆಗೆದುಹಾಕಲು ಮನಸ್ಸು ಬರುವುದಿಲ್ಲ. ಹಳೆಯ ನುಡಿ ಮತ್ತು ಬರಹ ಫಾಂಟುಗಳಲ್ಲಿ ಟೈಪಾಗಿರುವ ಕಡತಗಳಿರುತ್ತವೆ, ಟ್ಯಾಲಿಯಲ್ಲಿ ಅಂಗಡಿ ಲೆಕ್ಕವಿರುತ್ತದೆ, ವಿಂಡೋಸ್ ಡ್ರೈವರ್ ಇಲ್ಲದೆ ಮಿಸುಕದ ಡಿಜಿಟಲ್ ಸಹಿಯ ಟೋಕನ್ ಇರುತ್ತದೆ. ಎರಡನ್ನೂ ಒಂದೇ ಯಂತ್ರದಲ್ಲಿ ಇಟ್ಟುಕೊಳ್ಳೋಣ ಎಂಬ ತೀರ್ಮಾನ ಬರುವುದು ಹೀಗೆ.

ಪೆನ್‌ಡ್ರೈವ್ ಸಿದ್ಧ ಮಾಡುವುದು ಸುಲಭ. ಅದರಿಂದ ಬೂಟ್ ಮಾಡಿ ಲಿನಕ್ಸನ್ನು ಲೈವ್ ಆಗಿ ನೋಡುವುದೂ ಸುಲಭ. ಭಾಷೆ, ಕೀಬೋರ್ಡು, ವೈಫೈ ಎಲ್ಲ ಸರಾಗ. ಆಮೇಲೆ ಬರುತ್ತದೆ, ಎಲ್ಲಿ ಇನ್‌ಸ್ಟಾಲ್ ಮಾಡಬೇಕು ಎಂದು ಕೇಳುವ ಪುಟ. ಅಲ್ಲಿ ಎಸ್‌ಡಿಎ1, ಎಸ್‌ಡಿಎ2 ಎಂಬ ಸಾಲುಗಳು, ಗುರುತು ಹತ್ತದ ಅಳತೆಗಳು, ‘ಅಳಿಸಿ ಹಾಕು’ ಎಂಬ ಆಯ್ಕೆ. ಕೈ ನಿಲ್ಲುವುದು ಇಲ್ಲೇ, ಡೇಟಾ ಹೋಗುವುದೂ ಇಲ್ಲೇ. ಆ ಪುಟಕ್ಕೆ ಬರುವ ಹೊತ್ತಿಗೆ ಯೋಚನೆಯೆಲ್ಲ ಮುಗಿದಿರಬೇಕು. ಡಿಸ್ಕ್‌ನಲ್ಲಿ ಏನೇನಿದೆ ಎಂದು ಓದುವುದು, ಜಾಗ ಬಿಡಿಸುವುದು, ಅಡ್ಡಿಗಳನ್ನು ನಿವಾರಿಸುವುದು ಎಲ್ಲವೂ ವಿಂಡೋಸ್ ಒಳಗಿದ್ದುಕೊಂಡೇ, ನಿಧಾನವಾಗಿ, ಹಿಂದಿನ ದಿನವೇ ಆಗಬೇಕಾದ ಕೆಲಸ. ಇನ್‌ಸ್ಟಾಲರ್‌ನಲ್ಲಿ ಖಾಲಿ ಬಿಟ್ಟ ಜಾಗವನ್ನು ತೋರಿಸುವುದಷ್ಟೇ ಉಳಿದಿರಬೇಕು.

ಮೊದಲು ಬ್ಯಾಕಪ್. ಫೋಟೋ, ಲೆಕ್ಕಪತ್ರ, ಮಕ್ಕಳ ಪ್ರಾಜೆಕ್ಟು, ಎಲ್ಲವೂ ಈ ಯಂತ್ರದಿಂದ ಹೊರಗಿರುವ ಇನ್ನೊಂದು ಡಿಸ್ಕಿಗೆ ಹೋಗಬೇಕು. ಸಿ ಡ್ರೈವಿನಿಂದ ಡಿ ಡ್ರೈವಿಗೆ ನಕಲು ಮಾಡಿಕೊಂಡರೆ ಅದು ಬ್ಯಾಕಪ್ ಅಲ್ಲ, ಎರಡೂ ಇರುವುದು ಒಂದೇ ಡಿಸ್ಕಿನ ಮೇಲೆ.

ಡಿಸ್ಕಿನ ನಕ್ಷೆ ಓದುವುದು

ವಿಂಡೋಸ್‌ನಲ್ಲಿ ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ಸಿಗುತ್ತದೆ. ತೆರೆದ ಕೂಡಲೇ ಕೆಳಭಾಗದಲ್ಲಿ ‘ಡಿಸ್ಕ್ 0’ ಎಂದು ಶುರುವಾಗುವ ಉದ್ದನೆಯ ಪಟ್ಟಿ ಕಾಣುತ್ತದೆ. 512 ಜಿಬಿಯ ಎಸ್‌ಎಸ್‌ಡಿ ಇರುವ, ಈಚಿನ ವರ್ಷಗಳ ಲ್ಯಾಪ್‌ಟಾಪ್ ಆದರೆ ಅಲ್ಲಿ ಒಟ್ಟು ಅಳತೆ ಸುಮಾರು 476 ಜಿಬಿ ಎಂದಿರುತ್ತದೆ. ಎಡಗಡೆ 100 ಎಂಬಿಯಷ್ಟು ಸಣ್ಣದೊಂದು ತುಂಡು, ಅದರ ಮೇಲೆ ‘ಇಎಫ್‌ಐ ಸಿಸ್ಟಮ್ ಪಾರ್ಟಿಶನ್’ ಎಂಬ ಹೆಸರು. ನಡುವೆ ದೊಡ್ಡದಾಗಿ ಸಿ ಡ್ರೈವ್. ಬಲತುದಿಯಲ್ಲಿ ಕೆಲವು ನೂರು ಎಂಬಿಯ ರಿಕವರಿ ಪಾರ್ಟಿಶನ್. ಇವುಗಳ ಜೊತೆಗೆ 16 ಎಂಬಿಯ ಇನ್ನೊಂದು ತುಂಡೂ ಇರುತ್ತದೆ. ಅದು ಮೈಕ್ರೋಸಾಫ್ಟ್ ತನಗೆಂದು ಕಾದಿರಿಸಿಕೊಂಡ ಜಾಗ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಕಾಣುವುದಿಲ್ಲ, ಲಿನಕ್ಸ್ ಇನ್‌ಸ್ಟಾಲರ್‌ನಲ್ಲಿ ಕಾಣುತ್ತದೆ. ‘ಇಷ್ಟು ಹೊತ್ತು ಇರಲಿಲ್ಲ, ಈಗೆಲ್ಲಿಂದ ಬಂತು’ ಎಂದು ಗಾಬರಿಯಾಗಿ ಅದನ್ನು ಅಳಿಸಬೇಡಿ.

512 ಯಾಕೆ 476 ಆಯಿತು ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ಡಿಸ್ಕ್ ತಯಾರಕರು ನೂರು ಕೋಟಿ ಬೈಟನ್ನು ಒಂದು ಜಿಬಿ ಎನ್ನುತ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಉಬುಂಟುವಿನ ಡಿಸ್ಕ್ಸ್ ತಂತ್ರಾಂಶ ತಯಾರಕರ ಲೆಕ್ಕವನ್ನೇ ಹಿಡಿಯುತ್ತದೆ, ಜಿಪಾರ್ಟೆಡ್ ವಿಂಡೋಸ್‌ನ ಲೆಕ್ಕ ಹಿಡಿಯುತ್ತದೆ. ಹಾಗಾಗಿ ವಿಂಡೋಸ್‌ನಲ್ಲಿ 475 ಜಿಬಿ ಎಂದು ಕಂಡ ಸಿ ಡ್ರೈವ್ ಲಿನಕ್ಸ್‌ನ ಒಂದು ಪರದೆಯಲ್ಲಿ 510 ಜಿಬಿ ಎಂದು ಕಾಣಬಹುದು. ಸಿ, ಡಿ ಎಂಬ ಅಕ್ಷರಗಳು ಲಿನಕ್ಸ್‌ನಲ್ಲಿ ಇರುವುದೇ ಇಲ್ಲ. ಬರೀ ಅಳತೆ ನೋಡಿ ಯಾವುದು ಯಾವುದೆಂದು ತೀರ್ಮಾನಿಸಬೇಡಿ. ಎಡದಿಂದ ಬಲಕ್ಕೆ ಯಾವ ಕ್ರಮದಲ್ಲಿವೆ, ಯಾವುದು ಎನ್‌ಟಿಎಫ್‌ಎಸ್, ಯಾವುದು ಫ್ಯಾಟ್32 ಎಂಬುದನ್ನೂ ಹೊಂದಿಸಿ ನೋಡಿ. ಡಿಸ್ಕ್ ಮ್ಯಾನೇಜ್‌ಮೆಂಟ್ ಪರದೆಯ ಒಂದು ಫೋಟೋ ಫೋನಿನಲ್ಲಿ ತೆಗೆದಿಟ್ಟುಕೊಂಡರೆ, ಇನ್‌ಸ್ಟಾಲ್ ಮಾಡುವಾಗ ಪಕ್ಕದಲ್ಲೇ ಇಟ್ಟು ತಾಳೆ ನೋಡಬಹುದು.

ಹೊಸಬರು ಹೆಚ್ಚಾಗಿ ಎಡವುವ ಇನ್ನೊಂದು ಕಡೆ ಇದೆ. ‘ಡಿ ಡ್ರೈವಿನಲ್ಲಿ 150 ಜಿಬಿ ಖಾಲಿ ಇದೆ, ಆದರೂ ಇನ್‌ಸ್ಟಾಲರ್ ಜಾಗವೇ ಇಲ್ಲ ಅನ್ನುತ್ತದೆ’ ಎಂಬ ದೂರು ಮತ್ತೆ ಮತ್ತೆ ಕೇಳುತ್ತದೆ. ಡಿ ಡ್ರೈವಿನ ಒಳಗೆ ಖಾಲಿ ಇರುವುದು ಬೇರೆ, ಡಿಸ್ಕಿನಲ್ಲಿ ಯಾರ ಹೆಸರಿಗೂ ಸೇರದೆ ಖಾಲಿ ಇರುವುದು ಬೇರೆ. ಮೊದಲನೆಯದು ಡಿ ಡ್ರೈವಿನ ಆಸ್ತಿಯೇ. ಲಿನಕ್ಸ್‌ಗೆ ಬೇಕಾದದ್ದು ಎರಡನೆಯದು, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಕಪ್ಪು ಪಟ್ಟಿಯ ಕೆಳಗೆ ‘ಅನ್‌ಅಲೊಕೇಟೆಡ್’ ಎಂದು ಬರೆದಿರುವ ಜಾಗ. ಹೊಲದ ಲೆಕ್ಕದಲ್ಲೇ ಹೇಳಬಹುದು: ಪಾರ್ಟಿಶನ್ ಟೇಬಲ್ ಎಂದರೆ ಪಹಣಿ. ಮಣ್ಣು ಎಲ್ಲಿದೆಯೋ ಅಲ್ಲೇ ಇರುತ್ತದೆ, ಎಲ್ಲಿಂದ ಎಲ್ಲಿಯವರೆಗೆ ಯಾರದು ಎಂದು ಈ ಪಟ್ಟಿ ಹೇಳುತ್ತದೆ. ನೆರೆಯವನು ಬೀಳುಬಿಟ್ಟ ಎಕರೆಯಲ್ಲಿ ನೀವು ಉಳಲು ಹೋಗುವಂತಿಲ್ಲ, ಮೊದಲು ಪೋಡಿಯಾಗಬೇಕು. ಒಂದು ಪಾರ್ಟಿಶನ್ ಡಿಲೀಟ್ ಆದರೆ ಹೋಗುವುದು ಪಟ್ಟಿಯ ಸಾಲು, ಒಳಗಿನ ಡೇಟಾ ತಕ್ಷಣ ಹೋಗಿರುವುದಿಲ್ಲ. ಹಾಗಾಗಿಯೇ ಟೆಸ್ಟ್‌ಡಿಸ್ಕ್‌ನಂಥ ಉಚಿತ ತಂತ್ರಾಂಶ ಕೈತಪ್ಪಿ ಅಳಿಸಿದ ಪಾರ್ಟಿಶನ್ನನ್ನು ಎಷ್ಟೋ ಸಲ ಮರಳಿ ತರುತ್ತದೆ. ಆದರೆ ಅಳಿಸಿದ ಮೇಲೆ ಫಾರ್ಮ್ಯಾಟ್ ಮಾಡಿದ್ದರೆ, ಅದರಲ್ಲೂ ಎಸ್‌ಎಸ್‌ಡಿ ಮೇಲೆ, ಆ ಆಸೆ ಬಹುತೇಕ ಬಿಟ್ಟಂತೆಯೇ. ಖಾಲಿ ಎಂದು ಗುರುತಾದ ಜಾಗವನ್ನು ಒರೆಸಿಹಾಕಲು ಎಸ್‌ಎಸ್‌ಡಿಗೆ ಫಾರ್ಮ್ಯಾಟ್ ಹೊತ್ತಿನಲ್ಲೇ ಸೂಚನೆ ಹೋಗಿರುತ್ತದೆ.

ನಾಲ್ಕೇ ಸಾಲಿನ ಹಳೆಯ ಪಟ್ಟಿ

ಈ ಪಾರ್ಟಿಶನ್ ಟೇಬಲ್‌ಗಳಲ್ಲಿ ಎರಡು ಬಗೆ, ಎಂಬಿಆರ್ ಮತ್ತು ಜಿಪಿಟಿ. ನಿಮ್ಮದು ಯಾವುದೆಂದು ತಿಳಿಯಲು ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ‘ಡಿಸ್ಕ್ 0’ ಎಂಬಲ್ಲಿ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆದು, ವಾಲ್ಯೂಮ್ಸ್ ಎಂಬ ಹಾಳೆಯಲ್ಲಿ ‘ಪಾರ್ಟಿಶನ್ ಸ್ಟೈಲ್’ ಎಂಬ ಸಾಲನ್ನು ಓದಿ.

ಎಂಬಿಆರ್ 1983ರಲ್ಲಿ, ಐಬಿಎಂ ಪಿಸಿಗೆಂದು ಬಂದ ಡಾಸ್ 2.0 ಕಾಲದ್ದು. ಡಿಸ್ಕಿನ ಮೊದಲ 512 ಬೈಟಿನಲ್ಲೇ ಎಲ್ಲ ಅಡಗಬೇಕಿತ್ತು. ಮೊದಲ 446 ಬೈಟ್ ಬೂಟ್ ಮಾಡುವ ಪುಟ್ಟ ಪ್ರೋಗ್ರಾಮಿಗೆ, ಕೊನೆಯ 2 ಬೈಟ್ ಗುರುತಿಗೆ. ಉಳಿದ 64 ಬೈಟಿನಲ್ಲಿ ತಲಾ 16 ಬೈಟಿನ ನಾಲ್ಕು ಸಾಲು. ಎಂಬಿಆರ್ ಡಿಸ್ಕಿನಲ್ಲಿ ನಾಲ್ಕಕ್ಕಿಂತ ಹೆಚ್ಚು ಪ್ರೈಮರಿ ಪಾರ್ಟಿಶನ್ ಇರಲಾಗದು ಎಂಬ ಮಿತಿ ಹುಟ್ಟಿದ್ದು ಇಲ್ಲಿ. ಇನ್ನೂ ಬೇಕೆಂದರೆ ನಾಲ್ಕರಲ್ಲಿ ಒಂದನ್ನು ಎಕ್ಸ್‌ಟೆಂಡೆಡ್ ಎಂದು ಮಾಡಿ, ಅದರೊಳಗೆ ಲಾಜಿಕಲ್ ಡ್ರೈವ್‌ಗಳನ್ನು ಮಾಡಿಕೊಳ್ಳಬೇಕು. ಲಿನಕ್ಸ್ ಲಾಜಿಕಲ್‌ಗಳಿಗೆ ಯಾವಾಗಲೂ 5ರಿಂದಲೇ ಸಂಖ್ಯೆ ಕೊಡುತ್ತದೆ. ಎಸ್‌ಡಿಎ5 ಎಂದು ಕಂಡರೆ ಅದು ಎಕ್ಸ್‌ಟೆಂಡೆಡ್‌ನ ಒಳಗಿನ ಮೊದಲನೆಯದು.

ವಿಂಡೋಸ್ 7ರ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ತೊಂದರೆ ಇರುವುದು ಇದರಲ್ಲೇ. ಕೆಲವು ತಯಾರಕರು ಕಾರ್ಖಾನೆಯಲ್ಲೇ ನಾಲ್ಕೂ ಸಾಲು ತುಂಬಿಸಿ ಕಳಿಸುತ್ತಿದ್ದರು: ಸಿಸ್ಟಮ್, ಸಿ, ರಿಕವರಿ, ತಮ್ಮದೊಂದು ಟೂಲ್ಸ್ ಪಾರ್ಟಿಶನ್. ಇಂಥ ಯಂತ್ರದಲ್ಲಿ ಸಿ ಡ್ರೈವಿನಿಂದ 100 ಜಿಬಿ ಬಿಡಿಸಿದರೂ ಲಿನಕ್ಸ್ ಇನ್‌ಸ್ಟಾಲರ್ ಆ ಜಾಗದ ಎದುರು ‘ಅನ್‌ಯೂಸಬಲ್’ ಎಂದು ಬರೆಯುತ್ತದೆ. ಜಾಗ ಇದೆ, ಪಟ್ಟಿಯಲ್ಲಿ ಸಾಲಿಲ್ಲ. ನಾಲ್ಕರಲ್ಲಿ ಒಂದು ಹೋಗಲೇಬೇಕು. ಟೂಲ್ಸ್ ಪಾರ್ಟಿಶನ್ ಸಣ್ಣದು, ಅದರಲ್ಲಿರುವುದನ್ನು ಪೆನ್‌ಡ್ರೈವಿಗೆ ನಕಲು ಮಾಡಿಟ್ಟು ಅದನ್ನೇ ತೆಗೆಯುವುದು ನನ್ನ ಮಟ್ಟಿಗೆ ಸರಿಯಾದ ಆಯ್ಕೆ. ರಿಕವರಿಯನ್ನು ತೆಗೆಯುವುದಾದರೆ ಮೊದಲು ರಿಕವರಿ ಡಿವಿಡಿಯೋ ಪೆನ್‌ಡ್ರೈವೋ ಮಾಡಿಟ್ಟುಕೊಳ್ಳಿ. ಸಿಸ್ಟಮ್ ಪಾರ್ಟಿಶನ್ ಮಾತ್ರ ಮುಟ್ಟುವಂತಿಲ್ಲ, ವಿಂಡೋಸ್ ಏಳುವುದೇ ಅದರಿಂದ. ಖಾಲಿಯಾದ ಸಾಲಿನಲ್ಲಿ ಎಕ್ಸ್‌ಟೆಂಡೆಡ್ ಮಾಡಿಕೊಂಡರೆ ಲಿನಕ್ಸ್ ಅದರೊಳಗಿನ ಲಾಜಿಕಲ್ ಡ್ರೈವಿನಲ್ಲಿ ಯಾವ ಅಡ್ಡಿಯೂ ಇಲ್ಲದೆ ಕೂರುತ್ತದೆ.

ಮೂರು ಪ್ರೈಮರಿ, ಒಂದು ಎಕ್ಸ್‌ಟೆಂಡೆಡ್, ಅದರೊಳಗೆ ಡಿ ಡ್ರೈವ್ ಎಂಬ ವಿನ್ಯಾಸವೂ ನಮ್ಮಲ್ಲಿ ತುಂಬ ಇದೆ. ಇಲ್ಲಿ ಜಾಗ ಬಿಡಿಸಬೇಕಾದ್ದು ಡಿ ಡ್ರೈವಿನಿಂದ, ಸಿ ಡ್ರೈವಿನಿಂದಲ್ಲ. ಡಿ ಕುಗ್ಗಿದರೆ ಬಿಟ್ಟ ಜಾಗ ಎಕ್ಸ್‌ಟೆಂಡೆಡ್‌ನ ಒಳಗೇ ಉಳಿಯುತ್ತದೆ, ಹಸಿರು ಗೆರೆಯ ಒಳಗೆ ತಿಳಿಹಸಿರಾಗಿ ಕಾಣುತ್ತದೆ, ಬಳಸಲು ಬರುತ್ತದೆ. ಸಿ ಕುಗ್ಗಿದರೆ ಜಾಗ ಹೊರಗೆ ಬೀಳುತ್ತದೆ, ಮತ್ತೆ ಅದೇ ‘ಅನ್‌ಯೂಸಬಲ್’.

ಒಂದು ಅಪಾಯವನ್ನು ಒತ್ತಿ ಹೇಳಬೇಕು. ನಾಲ್ಕು ಸಾಲು ತುಂಬಿದ ಡಿಸ್ಕಿನಲ್ಲಿ ಡಿಸ್ಕ್ ಮ್ಯಾನೇಜ್‌ಮೆಂಟ್ ಬಳಸಿ ಐದನೆಯದನ್ನು ಮಾಡಲು ಹೋದರೆ, ವಿಂಡೋಸ್ ಆಗುವುದಿಲ್ಲ ಎನ್ನುವುದಿಲ್ಲ. ಡಿಸ್ಕನ್ನು ‘ಬೇಸಿಕ್’ನಿಂದ ‘ಡೈನಮಿಕ್’ಗೆ ಬದಲಿಸುತ್ತೇನೆ, ಒಪ್ಪಿಗೆಯೇ ಎಂದು ಕೇಳುತ್ತದೆ. ಯೆಸ್ ಒತ್ತಬೇಡಿ. ಡೈನಮಿಕ್ ಆದ ಡಿಸ್ಕ್ ವಿಂಡೋಸ್‌ನ ಮಟ್ಟಿಗೆ ಚೆನ್ನಾಗಿಯೇ ಓಡುತ್ತದೆ, ಆದರೆ ಲಿನಕ್ಸ್ ಇನ್‌ಸ್ಟಾಲರ್‌ಗಳಿಗೆ ಅದರ ಒಳಗಿನ ಗಡಿಗಳು ತಿಳಿಯುವುದಿಲ್ಲ. ಮತ್ತೆ ಬೇಸಿಕ್ ಮಾಡಲು ವಿಂಡೋಸ್‌ನ ಸ್ವಂತ ಸಲಕರಣೆಗಳು ಡಿಸ್ಕಿನ ಮೇಲಿನ ಎಲ್ಲ ವಾಲ್ಯೂಮ್‌ಗಳನ್ನೂ ಅಳಿಸು ಎನ್ನುತ್ತವೆ. ಹೋಗುವುದು ಒಂದು ಕ್ಲಿಕ್ಕಿನಲ್ಲಿ, ಬರುವುದು ಪೂರ್ತಿ ಬ್ಯಾಕಪ್ಪಿನ ಮೇಲೆ. ನಿಮ್ಮ ಡಿಸ್ಕ್ ಈಗಾಗಲೇ ಹಾಗಾಗಿದೆಯೇ ಎಂದು ನೋಡಲು ‘ಡಿಸ್ಕ್ 0’ ಕೆಳಗಿನ ಪದ ಓದಿ: ಬೇಸಿಕ್ ಎಂದಿರಬೇಕು.

ಜಿಪಿಟಿಯಲ್ಲಿ ಈ ತಾಪತ್ರಯಗಳಿಲ್ಲ. ವಿಂಡೋಸ್ ಅದರಲ್ಲಿ 128 ಪಾರ್ಟಿಶನ್‌ಗಳಿಗೆ ಅವಕಾಶ ಕೊಡುತ್ತದೆ, ಪಟ್ಟಿಯ ಇನ್ನೊಂದು ಪ್ರತಿ ಡಿಸ್ಕಿನ ಕೊನೆಯಲ್ಲೂ ಇರುತ್ತದೆ, ಎಂಬಿಆರ್‌ಗಿರುವ 2 ಟಿಬಿಯ ಮಿತಿಯೂ ಇಲ್ಲ. 2017ರ ವಿಂಡೋಸ್ 10 ಆವೃತ್ತಿ 1703ರಿಂದ ಈಚೆಗೆ ‘ಎಂಬಿಆರ್2ಜಿಪಿಟಿ’ ಎಂಬ ಆದೇಶ ಡೇಟಾ ಉಳಿಸಿಕೊಂಡೇ ಹಳೆಯ ಪಟ್ಟಿಯನ್ನು ಹೊಸದಕ್ಕೆ ಬದಲಿಸಿಕೊಡುತ್ತದೆ. ಆದರೆ ಅದಕ್ಕೂ ಷರತ್ತುಗಳಿವೆ: ಪ್ರೈಮರಿ ಪಾರ್ಟಿಶನ್ ಮೂರಕ್ಕಿಂತ ಹೆಚ್ಚಿರಬಾರದು, ಎಕ್ಸ್‌ಟೆಂಡೆಡ್ ಇರಲೇಬಾರದು, ಯಂತ್ರ ಯುಇಎಫ್‌ಐ ವಿಧಾನದಲ್ಲಿ ಬೂಟ್ ಆಗುವಂಥದ್ದಾಗಿರಬೇಕು. ಮೊದಲು ‘ವ್ಯಾಲಿಡೇಟ್’ ಎಂಬ ಆಯ್ಕೆಯೊಂದಿಗೆ ಓಡಿಸಿ, ಅದು ಪಾಸಾದರೆ ಮಾತ್ರ ಮುಂದುವರಿಯಿರಿ.

ಇದರ ಜೊತೆಗೇ ಇನ್ನೊಂದನ್ನು ನೋಡಿಕೊಂಡುಬಿಡಿ. ವಿಂಡೋಸ್ ಯಾವ ವಿಧಾನದಲ್ಲಿ ಬೂಟ್ ಆಗುತ್ತಿದೆಯೋ ಅದೇ ವಿಧಾನದಲ್ಲೇ ಲಿನಕ್ಸ್ ಪೆನ್‌ಡ್ರೈವನ್ನೂ ಬೂಟ್ ಮಾಡಬೇಕು. ವಿಂಡೋಸ್‌ನ ಸಿಸ್ಟಮ್ ಇನ್ಫರ್ಮೇಶನ್ ತೆರೆದರೆ ‘ಬಯಾಸ್ ಮೋಡ್’ ಎಂಬ ಸಾಲಿನಲ್ಲಿ ಯುಇಎಫ್‌ಐ ಅಥವಾ ಲೆಗಸಿ ಎಂದಿರುತ್ತದೆ. ಬೂಟ್ ಮೆನುವಿನಲ್ಲಿ ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸಬಹುದು, ಒಂದಕ್ಕೆ ಯುಇಎಫ್‌ಐ ಎಂಬ ಮುನ್ನುಡಿ ಇರುತ್ತದೆ. ಯುಇಎಫ್‌ಐ ವಿಂಡೋಸ್ ಪಕ್ಕದಲ್ಲಿ ಲೆಗಸಿಯಾಗಿ ಲಿನಕ್ಸ್ ಹಾಕಿದರೆ, ಇನ್‌ಸ್ಟಾಲ್ ಮುಗಿದ ಮೇಲೆ ಎರಡೂ ಒಂದೇ ಮೆನುವಿನಲ್ಲಿ ಸೇರುವುದಿಲ್ಲ.

ಕುಗ್ಗಲು ಒಪ್ಪದ ಸಿ ಡ್ರೈವ್

ಜಾಗ ಬಿಡಿಸುವ ಕೆಲಸವನ್ನು ವಿಂಡೋಸ್‌ನಿಂದಲೇ ಮಾಡಿಸಿ. ಎನ್‌ಟಿಎಫ್‌ಎಸ್ ಅದರದೇ ಫೈಲ್ ಸಿಸ್ಟಮ್, ಅದರ ಒಳಹೊರಗು ಅದಕ್ಕೇ ಚೆನ್ನಾಗಿ ಗೊತ್ತು. ಸಿ ಡ್ರೈವ್ ಮೇಲೆ ಬಲ ಕ್ಲಿಕ್, ‘ಶ್ರಿಂಕ್ ವಾಲ್ಯೂಮ್’. ಅಲ್ಲಿ ಕೇಳುವ ಸಂಖ್ಯೆ ಎಂಬಿಯಲ್ಲಿರುತ್ತದೆ, ಮತ್ತು ಅದು ಬಿಟ್ಟುಕೊಡಬೇಕಾದ ಜಾಗದ ಸಂಖ್ಯೆ, ಸಿ ಡ್ರೈವಿಗೆ ಉಳಿಯುವುದರದ್ದಲ್ಲ. 60 ಜಿಬಿ ಬೇಕಾದರೆ 61440 ಎಂದು ಬರೆಯಬೇಕು.

ತಕರಾರು ಶುರುವಾಗುವುದು ಆ ಪುಟ್ಟ ಪೆಟ್ಟಿಗೆಯಲ್ಲೇ. ಸಿ ಡ್ರೈವಿನಲ್ಲಿ 200 ಜಿಬಿ ಖಾಲಿ ಇದ್ದರೂ ವಿಂಡೋಸ್ ಕೆಲವೇ ಜಿಬಿ ಬಿಟ್ಟುಕೊಡುತ್ತೇನೆ ಎನ್ನಬಹುದು. ಪಾರ್ಟಿಶನ್ ಕುಗ್ಗುವುದು ಬಲತುದಿಯಿಂದ. ಆ ತುದಿಯ ಕಡೆ ಎಲ್ಲೋ ಒಂದು ಕಡತ ಕೂತಿದ್ದು, ಓಡುತ್ತಿರುವ ವಿಂಡೋಸ್‌ಗೆ ಅದನ್ನು ಸರಿಸಲು ಆಗದಿದ್ದರೆ ಗಡಿ ಅಲ್ಲಿಗೇ ನಿಲ್ಲುತ್ತದೆ. ಸಾಮಾನ್ಯವಾಗಿ ಅಡ್ಡ ಕೂರುವುದು ಪೇಜ್‌ಫೈಲ್, ಹೈಬರ್ನೇಶನ್ ಕಡತ, ಸಿಸ್ಟಮ್ ರಿಸ್ಟೋರ್‌ನ ನಕಲುಗಳು, ಮತ್ತು ಎನ್‌ಟಿಎಫ್‌ಎಸ್‌ನ ಸ್ವಂತ ಸೂಚಿಯಾದ ಎಂಎಫ್‌ಟಿ.

ಯಾವುದು ಅಡ್ಡಿ ಎಂದು ಊಹಿಸುತ್ತ ಕೂರಬೇಕಿಲ್ಲ. ಶ್ರಿಂಕ್ ಪೆಟ್ಟಿಗೆಯನ್ನು ಒಮ್ಮೆ ತೆರೆದು ಮುಚ್ಚಿ, ಇವೆಂಟ್ ವ್ಯೂಯರ್‌ನಲ್ಲಿ ವಿಂಡೋಸ್ ಲಾಗ್ಸ್ ಕೆಳಗಿನ ಅಪ್ಲಿಕೇಶನ್ ಪಟ್ಟಿ ತೆರೆಯಿರಿ. ಡಿಫ್ರಾಗ್ ಎಂಬ ಮೂಲದಿಂದ 259 ಎಂಬ ಸಂಖ್ಯೆಯ ದಾಖಲೆ ಬಂದಿರುತ್ತದೆ. ಸರಿಸಲಾಗದ ಕೊನೆಯ ಕಡತ ಯಾವುದು ಎಂದು ಅದರಲ್ಲಿ ಹೆಸರು ಸಮೇತ ಬರೆದಿರುತ್ತದೆ. ಪೇಜ್‌ಫೈಲ್ ಎಂದಿದ್ದರೆ ಅಡ್ವಾನ್ಸ್‌ಡ್ ಸಿಸ್ಟಮ್ ಸೆಟ್ಟಿಂಗ್ಸ್‌ಗೆ ಹೋಗಿ ವರ್ಚುಯಲ್ ಮೆಮೊರಿಯನ್ನು ತಾತ್ಕಾಲಿಕವಾಗಿ ‘ನೋ ಪೇಜಿಂಗ್ ಫೈಲ್’ ಮಾಡಿ. ಹೈಬರ್ನೇಶನ್ ಕಡತವಾದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಪವರ್‌ಸಿಎಫ್‌ಜಿ ಆದೇಶದಿಂದ ಹೈಬರ್ನೇಟನ್ನು ಆಫ್ ಮಾಡಿ. ಸಿಸ್ಟಮ್ ರಿಸ್ಟೋರ್‌ನ ನಕಲುಗಳಾದರೆ ಸಿಸ್ಟಮ್ ಪ್ರೊಟೆಕ್ಷನ್‌ನಲ್ಲಿ ರಿಸ್ಟೋರ್ ಪಾಯಿಂಟುಗಳನ್ನು ಅಳಿಸಿ. ಒಂದನ್ನು ಸರಿಪಡಿಸಿ, ರೀಸ್ಟಾರ್ಟ್ ಮಾಡಿ, ಮತ್ತೆ ಶ್ರಿಂಕ್ ತೆರೆಯಿರಿ. ಈಗ ಇನ್ನೊಂದು ಕಡತದ ಹೆಸರು ಬರಬಹುದು, ಅದನ್ನೂ ಹೀಗೇ ನೋಡಿಕೊಳ್ಳಿ. ಜಾಗ ಸಿಕ್ಕ ಮೇಲೆ ಪೇಜ್‌ಫೈಲ್ ಮತ್ತು ರಿಸ್ಟೋರ್ ಎರಡನ್ನೂ ಮೊದಲಿನಂತೆ ಆನ್ ಮಾಡಿ. ಹೈಬರ್ನೇಟ್ ಆಫ್ ಆಗಿಯೇ ಇರಲಿ.

ಅದಕ್ಕೆ ಕಾರಣವಿದೆ. ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬುದೊಂದು ಬಂದಿದೆ. ನೀವು ಶಟ್‌ಡೌನ್ ಒತ್ತಿದರೂ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ತನ್ನ ಒಳತಿರುಳನ್ನು ಹೈಬರ್ನೇಶನ್ ಕಡತದಲ್ಲಿ ಬರೆದಿಟ್ಟು ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ಲಿನಕ್ಸ್‌ನಿಂದ ಸಿ ಡ್ರೈವ್ ತೆರೆದರೆ ಓದಲಷ್ಟೇ ಬಿಡುತ್ತದೆ, ಅಥವಾ ತೆರೆಯುವುದೇ ಇಲ್ಲ. ಬಲವಂತದಿಂದ ಬರೆದರೆ ಕಡತಗಳು ಕೆಡುತ್ತವೆ. ಹೈಬರ್ನೇಟ್ ಆಫ್ ಆದರೆ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ. ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಇದರಿಂದ ಆಗುವ ನಿಧಾನ ಗಮನಕ್ಕೂ ಬಾರದು.

ಶ್ರಿಂಕ್ ಆದ ಮೇಲೆ ಕಪ್ಪು ಪಟ್ಟಿಯ ಜಾಗ ಸಿ ಮತ್ತು ರಿಕವರಿ ನಡುವೆ ಕಾಣುತ್ತದೆ. ಅದನ್ನು ಹಾಗೇ ಬಿಡಿ. ಅದರಲ್ಲಿ ವಿಂಡೋಸ್‌ನಿಂದ ಹೊಸ ಡ್ರೈವ್ ಮಾಡಿಡುವುದು ಬೇಡ. ಲಿನಕ್ಸ್‌ಗೆ ಬೇಕಾದ ಎಕ್ಸ್ಟ್4 ಫಾರ್ಮ್ಯಾಟನ್ನು ಇನ್‌ಸ್ಟಾಲರೇ ಮಾಡಿಕೊಳ್ಳುತ್ತದೆ.

ಬೀಗ ಹಾಕಿದ ಡ್ರೈವ್

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನಾನು ಹೆಚ್ಚು ಹೆದರುವುದು ಡ್ರೈವನ್ನು ಎನ್‌ಕ್ರಿಪ್ಟ್ ಮಾಡಿ ಬೀಗ ಹಾಕುವ ಬಿಟ್‌ಲಾಕರ್ ಬಗ್ಗೆ. ವಿಂಡೋಸ್ ಹೋಮ್‌ನಲ್ಲಿ ಇದೇ ‘ಡಿವೈಸ್ ಎನ್‌ಕ್ರಿಪ್ಷನ್’ ಎಂಬ ಹೆಸರಿನಲ್ಲಿದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಯಂತ್ರದಲ್ಲಿ ಇದು ಯಾರನ್ನೂ ಕೇಳದೆ ಆನ್ ಆಗಿರಬಹುದು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿದಲ್ಲಿ ಇದು ಇನ್ನಷ್ಟು ಯಂತ್ರಗಳಿಗೆ ಹರಡಿದೆ. ತಮ್ಮ ಡಿಸ್ಕಿಗೆ ಬೀಗ ಬಿದ್ದಿದೆ ಎಂದೇ ಗೊತ್ತಿಲ್ಲದವರು ಬಯಾಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಬದಲಿಸುತ್ತಾರೆ. ಮುಂದಿನ ಸಲ ವಿಂಡೋಸ್ ನೀಲಿ ಪರದೆ ತೋರಿಸಿ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಡೇಟಾ ಇಲ್ಲ. ಅಂಗಡಿಯವರಿಂದಾಗಲೀ ತಯಾರಕರಿಂದಾಗಲೀ ಅದನ್ನು ಬಿಡಿಸಲಾಗದು.

ಆದ್ದರಿಂದ ಏನನ್ನೂ ಮುಟ್ಟುವ ಮುನ್ನ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಲಾಗಿನ್ ಆಗಿ ರಿಕವರಿ ಕೀ ಹುಡುಕಿ, ಕಾಗದದ ಮೇಲೆ ಬರೆದಿಡಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಷನ್ ಆಫ್ ಮಾಡಿ, ಡಿಕ್ರಿಪ್ಷನ್ ಪೂರ್ತಿ ಮುಗಿಯುವವರೆಗೆ ಚಾರ್ಜರ್ ಹಾಕಿ ಕಾಯಿರಿ. ಬೀಗ ಇದ್ದಂತೆಯೇ ಲಿನಕ್ಸ್ ಪಕ್ಕದಲ್ಲಿ ಕೂರಬಹುದು, ಅದಕ್ಕೂ ದಾರಿಯಿದೆ. ಆದರೆ ಕೆಲವು ಇನ್‌ಸ್ಟಾಲರ್‌ಗಳು ಬಿಟ್‌ಲಾಕರ್ ಕಂಡೊಡನೆ ನಿಲ್ಲುತ್ತವೆ, ಕೆಲವು ಕಡೆ ಬೀಗದ ಪಾರ್ಟಿಶನ್ ಏನೂ ಇಲ್ಲದ, ಗುರುತಿಲ್ಲದ ಜಾಗದಂತೆ ಕಾಣುತ್ತದೆ. ಖಾಲಿ ಎಂದುಕೊಂಡು ಅದನ್ನೇ ಫಾರ್ಮ್ಯಾಟ್ ಮಾಡಿಬಿಡುವ ಅಪಾಯ ನಿಜವಾದದ್ದು. ಎಲ್ಲ ಮುಗಿದ ಮೇಲೆ ಬೇಕಾದರೆ ಮತ್ತೆ ಆನ್ ಮಾಡಿಕೊಳ್ಳಿ. ಸೆಕ್ಯೂರ್ ಬೂಟ್ ಆಫ್ ಮಾಡುವ ಅಗತ್ಯವೂ ಸಾಮಾನ್ಯವಾಗಿ ಇಲ್ಲ. ಉಬುಂಟು, ಮಿಂಟ್, ಫೆಡೋರಾ ಮತ್ತು 2019ರ ಡೆಬಿಯನ್ 10ರಿಂದ ಈಚಿನ ಡೆಬಿಯನ್‌ಗಳು ಅದು ಆನ್ ಇದ್ದಂತೆಯೇ ಬೂಟ್ ಆಗುತ್ತವೆ.

ಇನ್‌ಸ್ಟಾಲರ್‌ನಲ್ಲಿ ಡಿಸ್ಕೇ ಕಾಣದಿರುವುದು ಇನ್ನೊಂದು ಬಗೆಯ ಸಮಸ್ಯೆ. ಪೆನ್‌ಡ್ರೈವ್ ಮಾತ್ರ ಪಟ್ಟಿಯಲ್ಲಿದ್ದು ಒಳಗಿನ ಎಸ್‌ಎಸ್‌ಡಿ ಇಲ್ಲವೆಂದರೆ, ಬಯಾಸ್‌ನಲ್ಲಿ ಸ್ಟೋರೇಜ್ ‘ಇಂಟೆಲ್ ಆರ್‌ಎಸ್‌ಟಿ’ ಅಥವಾ ‘ರೇಡ್’ ಎಂಬ ವಿಧಾನದಲ್ಲಿರುವ ಸಾಧ್ಯತೆ ಹೆಚ್ಚು. ಅದನ್ನು ಎಎಚ್‌ಸಿಐಗೆ ಬದಲಿಸಬೇಕು, ಆದರೆ ನೇರ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ. ಮೊದಲು ವಿಂಡೋಸ್‌ನ ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಗುರುತು ಹಾಕಿ. ಆಮೇಲೆ ರೀಸ್ಟಾರ್ಟ್ ಮಾಡಿ ಬಯಾಸ್‌ನಲ್ಲಿ ಎಎಚ್‌ಸಿಐ ಆರಿಸಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಎದ್ದಾಗ ತನಗೆ ಬೇಕಾದ ಡ್ರೈವರನ್ನು ತಾನೇ ಹಾಕಿಕೊಳ್ಳುತ್ತದೆ. ಮತ್ತೆ ಎಂಎಸ್‌ಕಾನ್ಫಿಗ್ ತೆರೆದು ಗುರುತು ತೆಗೆದರೆ ಎಲ್ಲ ಮೊದಲಿನಂತೆ. ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದಿರಬಹುದು, ಖಾತೆಯ ಪೂರ್ತಿ ಪಾಸ್‌ವರ್ಡ್ ನೆನಪಿರಲಿ. ಬಿಟ್‌ಲಾಕರ್ ಇದ್ದರೆ ಅದರ ಕೆಲಸ ಮುಗಿಸಿಯೇ ಇದಕ್ಕೆ ಕೈಹಾಕಿ.

ಈಗ ಆ ಪುಟ

ಇಷ್ಟಾದ ಮೇಲೆ ಇನ್‌ಸ್ಟಾಲರ್‌ನ ಪುಟ ಹೆದರಿಸುವುದಿಲ್ಲ. ‘ವಿಂಡೋಸ್ ಜೊತೆಗೆ ಇನ್‌ಸ್ಟಾಲ್ ಮಾಡು’ ಎಂಬ ಆಯ್ಕೆ ಕಂಡರೆ, ಡಿಸ್ಕ್ ಒಂದೇ ಇದ್ದರೆ, ಹೆಚ್ಚಿನವರಿಗೆ ಅದೇ ಸಾಕು. ಅದು ಕಾಣದಿದ್ದರೆ, ಅಥವಾ ಲ್ಯಾಪ್‌ಟಾಪಿನಲ್ಲಿ ಎಸ್‌ಎಸ್‌ಡಿ ಮತ್ತು ಹಾರ್ಡ್‌ಡಿಸ್ಕ್ ಎರಡೂ ಇದ್ದರೆ, ಮ್ಯಾನುಯಲ್ ಆಯ್ಕೆಯೇ ಒಳ್ಳೆಯದು.

ಫೋನಿನ ಫೋಟೋ ಪಕ್ಕಕ್ಕಿಟ್ಟುಕೊಳ್ಳಿ. ‘ಫ್ರೀ ಸ್ಪೇಸ್’ ಎಂಬ ಸಾಲು ಹುಡುಕಿ, ಅದರ ಅಳತೆ ನೀವು ಬಿಡಿಸಿದ್ದಕ್ಕೆ ತಾಳೆಯಾಗಬೇಕು. ಅದನ್ನು ಆರಿಸಿ, ಎಕ್ಸ್ಟ್4 ಎಂದು ಹೇಳಿ, ಮೌಂಟ್ ಪಾಯಿಂಟ್ ಎಂಬಲ್ಲಿ ಬರೀ ಒಂದು ಓರೆಗೆರೆ (/) ಕೊಡಿ. ಉಬುಂಟು 24.04 ಕನಿಷ್ಠ 25 ಜಿಬಿ ಕೇಳುತ್ತದೆ, ಆದರೆ ಅಷ್ಟರಲ್ಲೇ ಬಿಟ್ಟರೆ ಅಪ್‌ಡೇಟ್‌ಗಳು ಬೇಗ ಉಸಿರುಗಟ್ಟಿಸುತ್ತವೆ. 60 ಜಿಬಿ ಕೊಟ್ಟರೆ ನೆಮ್ಮದಿ. ನಿಮ್ಮ ಸ್ವಂತ ಕಡತಗಳಿರುವ ಹೋಮ್ ಫೋಲ್ಡರಿಗೆ ಬೇರೆ ಪಾರ್ಟಿಶನ್ ಮಾಡಿ ಎಂಬ ಹಳೆಯ ಸಲಹೆಯನ್ನು ನಾನು ಹೊಸಬರಿಗೆ ಕೊಡುವುದಿಲ್ಲ. ಸಣ್ಣ ಡಿಸ್ಕಿನಲ್ಲಿ ಒಂದು ತುಂಬಿ ಇನ್ನೊಂದು ಖಾಲಿ ಉಳಿದು, ಮತ್ತೆ ಗಡಿ ಸರಿಸುವ ಕೆಲಸ ಬೀಳುತ್ತದೆ. ವಿಂಡೋಸ್‌ನ ಪೇಜ್‌ಫೈಲ್‌ನಂಥ ಕೆಲಸಕ್ಕೆ ಬೇಕಾದ ಸ್ವಾಪ್ ಪಾರ್ಟಿಶನ್ ಕೂಡ ಬೇಡ. ಉಬುಂಟು 17.04ರಿಂದ ಸ್ವಾಪ್‌ಗೆ ಒಂದು ಕಡತವನ್ನು ತಾನೇ ಮಾಡಿಕೊಳ್ಳುತ್ತದೆ.

ಎಚ್ಚರ ಬೇಕಾದ್ದು ಆ 100 ಎಂಬಿಯ ಇಎಫ್‌ಐ ಪಾರ್ಟಿಶನ್ ವಿಷಯದಲ್ಲಿ. ವಿಂಡೋಸ್ ಮತ್ತು ಲಿನಕ್ಸ್ ಎರಡರ ಬೂಟ್ ಕಡತಗಳೂ ಅದರಲ್ಲೇ, ಬೇರೆ ಬೇರೆ ಫೋಲ್ಡರುಗಳಲ್ಲಿ ಒಟ್ಟಿಗೆ ಇರುತ್ತವೆ. ಅದನ್ನು ಲಿನಕ್ಸ್‌ಗೂ ಬಳಸು ಎಂದು ತೋರಿಸಬೇಕು, ಫಾರ್ಮ್ಯಾಟ್ ಎಂಬ ಚೌಕದಲ್ಲಿ ಗುರುತು ಇರಲೇಬಾರದು. ಗುರುತು ಬಿದ್ದರೆ ವಿಂಡೋಸ್‌ನ ಕಡತಗಳೆಲ್ಲ ಸಿ ಡ್ರೈವಿನಲ್ಲಿ ಹಾಗೇ ಇದ್ದರೂ ಅದನ್ನು ಎಬ್ಬಿಸುವವರು ಇರುವುದಿಲ್ಲ. ಆಗ ವಿಂಡೋಸ್‌ನ ಇನ್‌ಸ್ಟಾಲ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ ‘ಬಿಸಿಡಿಬೂಟ್’ ಆದೇಶದಿಂದ ಬೂಟ್ ಕಡತಗಳನ್ನು ಮತ್ತೆ ಬರೆಸಬೇಕಾಗುತ್ತದೆ. ಬೂಟ್‌ಲೋಡರ್ ಯಾವ ಡಿಸ್ಕಿಗೆ ಎಂದು ಕೇಳುವ ಕೆಳಗಿನ ಸಾಲನ್ನೂ ಓದಿ, ಅದು ಪೆನ್‌ಡ್ರೈವಿನ ಹೆಸರಾಗಿರಬಾರದು.

ಕೊನೆಯಲ್ಲಿ ಬದಲಾವಣೆಗಳ ಪಟ್ಟಿ ಬರುತ್ತದೆ. ಯಾವ ಯಾವ ಪಾರ್ಟಿಶನ್ ಫಾರ್ಮ್ಯಾಟ್ ಆಗಲಿದೆ ಎಂದು ಅದರಲ್ಲಿರುತ್ತದೆ. ಇಡೀ ಪ್ರಕ್ರಿಯೆಯಲ್ಲಿ ಅತಿ ಮುಖ್ಯವಾದ ಪರದೆ ಇದು. ನೀವು ಈಗಷ್ಟೇ ಮಾಡಿದ ಒಂದು ಎಕ್ಸ್ಟ್4 ಪಾರ್ಟಿಶನ್ ಬಿಟ್ಟು ಬೇರೆ ಯಾವುದರ ಹೆಸರೂ ಫಾರ್ಮ್ಯಾಟ್ ಪಟ್ಟಿಯಲ್ಲಿ ಇರಬಾರದು. ಎನ್‌ಟಿಎಫ್‌ಎಸ್ ಎಂಬ ಪದ ಅಲ್ಲಿ ಕಂಡರೆ ಹಿಂದಕ್ಕೆ ಹೋಗಿ. ಇದೇ ಇನ್‌ಸ್ಟಾಲರ್‌ನಿಂದ ಯಾವ ಪಾರ್ಟಿಶನ್ನನ್ನೂ ಕುಗ್ಗಿಸಿರದಿದ್ದರೆ, ಒಪ್ಪಿಗೆ ಒತ್ತುವವರೆಗೆ ಡಿಸ್ಕಿನ ಮೇಲೆ ಏನೂ ಬರೆದಿರುವುದಿಲ್ಲ. ಅನುಮಾನ ಬಂದರೆ ಯಂತ್ರವನ್ನು ಆಫ್ ಮಾಡಿ ನಾಳೆ ನೋಡಿದರೂ ನಷ್ಟವಿಲ್ಲ.

ಡಿಸ್ಕ್ 256 ಜಿಬಿಯದಾಗಿದ್ದು ಮುಕ್ಕಾಲು ತುಂಬಿದ್ದರೆ ಈ ಪಾಲು ಮಾಡುವ ಕೆಲಸವೇ ಬೇಡ. ಎರಡೂ ಇಕ್ಕಟ್ಟಿನಲ್ಲಿ ನರಳುತ್ತವೆ. ಡಿವಿಡಿ ಡ್ರೈವ್ ಇರುವ ಹಳೆಯ ಲ್ಯಾಪ್‌ಟಾಪ್ ಆದರೆ, ಅದನ್ನು ತೆಗೆದು ಕ್ಯಾಡಿಯೊಂದರಲ್ಲಿ ಎರಡನೇ ಡಿಸ್ಕ್ ಕೂರಿಸಬಹುದು. ಬೇರೆ ಡಿಸ್ಕಿಗೆ ಲಿನಕ್ಸ್ ಹೋದರೆ ಇಲ್ಲಿಯವರೆಗೆ ಹೇಳಿದ ಅರ್ಧ ಸಂಕಟ ಇರುವುದೇ ಇಲ್ಲ.

ಹಾಕಿದ ಮೇಲೆ

ರೀಸ್ಟಾರ್ಟ್ ಆದಾಗ ಲಿನಕ್ಸ್‌ನ ಬೂಟ್‌ಲೋಡರ್ ಆದ ಗ್ರಬ್‌ನ ಮೆನುವಿನಲ್ಲಿ ವಿಂಡೋಸ್ ಕಾಣದಿದ್ದರೆ ಅದು ಅಳಿದುಹೋಯಿತು ಎಂದುಕೊಳ್ಳಬೇಡಿ. 2021ರ ಗ್ರಬ್ 2.06ರಿಂದ ಬೇರೆ ಸಿಸ್ಟಮ್‌ಗಳನ್ನು ಹುಡುಕುವ ‘ಓಎಸ್ ಪ್ರೋಬರ್’ ತಾನಾಗಿ ಓಡುವುದಿಲ್ಲ. ಗ್ರಬ್‌ನ ಸೆಟ್ಟಿಂಗ್ ಕಡತದಲ್ಲಿ ಅದನ್ನು ತಡೆಯುವ ಸಾಲಿಗೆ ‘ಫಾಲ್ಸ್’ ಎಂದು ಕೊಟ್ಟು ‘ಅಪ್‌ಡೇಟ್ ಗ್ರಬ್’ ಆದೇಶ ಓಡಿಸಿದರೆ ವಿಂಡೋಸ್ ಮೆನುವಿಗೆ ಬರುತ್ತದೆ. ಅಲ್ಲಿಯವರೆಗೆ ಯಂತ್ರದ ಬೂಟ್ ಮೆನುವಿನಿಂದ ‘ವಿಂಡೋಸ್ ಬೂಟ್ ಮ್ಯಾನೇಜರ್’ ಆರಿಸಿ ಒಳಹೋಗಬಹುದು.

ಗಡಿಯಾರ ಐದೂವರೆ ಗಂಟೆ ಹಿಂದೆಮುಂದೆ ಆಗುವುದೂ ಸಾಮಾನ್ಯ. ಯಂತ್ರದ ಗಡಿಯಾರದಲ್ಲಿ ಭಾರತದ ಸಮಯವಿದೆ ಎಂದು ವಿಂಡೋಸ್ ನಂಬುತ್ತದೆ, ಯುಟಿಸಿ ಇದೆ ಎಂದು ಲಿನಕ್ಸ್ ನಂಬುತ್ತದೆ. ಲಿನಕ್ಸ್‌ನ ‘ಟೈಮ್‌ಡೇಟ್‌ಸಿಟಿಎಲ್’ ಆದೇಶದಲ್ಲಿ ಸ್ಥಳೀಯ ಸಮಯ ಬಳಸುವಂತೆ ಹೇಳಿದರೆ ಜಗಳ ಮುಗಿಯುತ್ತದೆ. ವಿಂಡೋಸ್ ಒಮ್ಮೊಮ್ಮೆ ಲಿನಕ್ಸ್ ಪಾರ್ಟಿಶನ್ ಕಂಡು ‘ಇದನ್ನು ಬಳಸಲು ಫಾರ್ಮ್ಯಾಟ್ ಮಾಡಬೇಕು’ ಎಂದು ಕೇಳಿದರೆ ಕ್ಯಾನ್ಸಲ್ ಒತ್ತಿ.

ಅಪ್‌ಡೇಟ್‌ಗಳೂ ಆಗಾಗ ಬೂಟ್ ವ್ಯವಸ್ಥೆಯನ್ನು ಅಲುಗಿಸುತ್ತವೆ. 2024ರ ಆಗಸ್ಟ್‌ನ ವಿಂಡೋಸ್ ಭದ್ರತಾ ಅಪ್‌ಡೇಟ್ ಆದ ಮೇಲೆ ಸೆಕ್ಯೂರ್ ಬೂಟ್ ಇದ್ದ ಅನೇಕ ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಲಿನಕ್ಸ್ ಏಳದೆ, ‘ಎಸ್‌ಬ್ಯಾಟ್’ ಪರಿಶೀಲನೆ ವಿಫಲ ಎಂಬ ಸಾಲು ಬಂದು ಯಂತ್ರ ಆರುತ್ತಿತ್ತು. ಡಿಸ್ಕಿನಲ್ಲಿದ್ದ ಲಿನಕ್ಸ್‌ಗೆ ಏನೂ ಆಗಿರಲಿಲ್ಲ, ಅದರ ಹಳೆಯ ಬೂಟ್‌ಲೋಡರಿಗೆ ಪ್ರವೇಶ ನಿಂತಿತ್ತು ಅಷ್ಟೆ. ಲಿನಕ್ಸ್ ಪೆನ್‌ಡ್ರೈವನ್ನು ಒರೆಸಿ ಬೇರೆಯದಕ್ಕೆ ಬಳಸದೆ ಹಾಗೇ ಎತ್ತಿಟ್ಟುಕೊಂಡಿದ್ದರೆ ಇಂಥ ದಿನ ಕೈಗೆ ಬರಬಹುದು.

ಮುಂದೆಂದಾದರೂ ಲಿನಕ್ಸ್ ಬೇಡವೆನಿಸಿದರೆ ತೆಗೆಯುವ ಕ್ರಮವೂ ಮುಖ್ಯ. ಯುಇಎಫ್‌ಐ ಯಂತ್ರದಲ್ಲಿ ಮೊದಲು ಬಯಾಸ್‌ಗೆ ಹೋಗಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೇಲಕ್ಕೆ ತನ್ನಿ, ಅದು ಸರಿಯಾಗಿ ಏಳುತ್ತದೆಂದು ನೋಡಿ, ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಲಿನಕ್ಸ್ ಪಾರ್ಟಿಶನ್ ಅಳಿಸಿ. ಅದು ಸಿ ಡ್ರೈವಿನ ಬಲಕ್ಕೆ ಅಂಟಿಕೊಂಡೇ ಇದ್ದರೆ ‘ಎಕ್ಸ್‌ಟೆಂಡ್ ವಾಲ್ಯೂಮ್’ ಮೂಲಕ ಜಾಗ ಮರಳಿ ಸಿ ಡ್ರೈವಿಗೆ ಸೇರುತ್ತದೆ. ಎಂಬಿಆರ್ ಯಂತ್ರದಲ್ಲಿ ಹೀಗೆ ನೇರ ಅಳಿಸಿದರೆ, ಬೂಟ್ ಪ್ರೋಗ್ರಾಮಿನ ಉಳಿದರ್ಧ ಅಳಿದ ಪಾರ್ಟಿಶನ್ನಿನಲ್ಲೇ ಇದ್ದುದರಿಂದ, ಯಂತ್ರ ‘ಗ್ರಬ್ ರೆಸ್ಕ್ಯೂ’ ಎಂಬ ಕಪ್ಪು ಪರದೆಯಲ್ಲಿ ನಿಲ್ಲುತ್ತದೆ. ಅಲ್ಲಿ ಮೊದಲು ವಿಂಡೋಸ್ ಪೆನ್‌ಡ್ರೈವಿನ ರಿಪೇರಿ ವಿಭಾಗದ ಕಮಾಂಡ್ ಪ್ರಾಂಪ್ಟಿಗೆ ಹೋಗಿ ‘ಬೂಟ್‌ರೆಕ್ ಫಿಕ್ಸ್‌ಎಂಬಿಆರ್’ ಓಡಿಸಿ, ವಿಂಡೋಸ್ ತನ್ನಷ್ಟಕ್ಕೆ ಏಳುವುದನ್ನು ಕಂಡ ಮೇಲೆಯೇ ಲಿನಕ್ಸ್ ಪಾರ್ಟಿಶನ್ನಿಗೆ ಕೈ ಹಾಕಿ.